ಪಿಯಾನೋ ಹೊತ್ತ ಮೂವರು

ಸಂಜೆ ನಾಲ್ಕು ಗಂಟೆಯ ಹೊತ್ತು. ಅಮೆರಿಕದ ಒಂದು ಊರಿನ ಬೀದಿಯಲ್ಲಿ ಒಂದು ಸಣ್ಣ ಸಂಗೀತ ಕ್ಲಬ್ಬು. ರಾತ್ರಿಯ ಕಾರ್ಯಕ್ರಮಕ್ಕೆ ನುಡಿಸಲು ಬಂದವರು ಹಿಂಬಾಗಿಲಿನ ಬಳಿ ವಾಹನಗಳನ್ನು ನಿಲ್ಲಿಸಿ ತಮ್ಮ ತಮ್ಮ ಸಾಮಾನುಗಳನ್ನು ಇಳಿಸುತ್ತಿದ್ದಾರೆ. ಗಿಟಾರಿನವನಿಗೆ ಯಾವ ಚಿಂತೆಯೂ ಇಲ್ಲ; ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಸಿಗರೇಟು. ಡ್ರಮ್ಮಿನವನು ನಾಲ್ಕು ಸಲ ಒಳಗೆ ಹೋಗಿ ಬಂದರೆ ಅವನ ಕೆಲಸವೂ ಮುಗಿಯಿತು. ಅಷ್ಟರಲ್ಲಿ ಇನ್ನೊಂದು ವಾಹನ ಬಂದು ನಿಲ್ಲುತ್ತದೆ. ಅದರ ಹಿಂಬದಿಯ ಕದ ತೆರೆದು ಮೂವರು ತರುಣರು ಹೊರಗೆಳೆಯತೊಡಗಿದ ವಸ್ತುವನ್ನು ಕಂಡು ಕ್ಲಬ್ಬಿನವರು ಮುಖ ಮುಖ ನೋಡಿಕೊಳ್ಳುತ್ತಾರೆ. ಅದು ಗಿಟಾರೂ ಅಲ್ಲ, ಧ್ವನಿವರ್ಧಕವೂ ಅಲ್ಲ. ಕಾಲುಗಳನ್ನು ಕಳಚಿ, ಪಕ್ಕಕ್ಕೆ ಮಗುಚಿ, ಹೊದಿಕೆ ಸುತ್ತಿದ ಪಿಯಾನೋ! ತೂಕ ಐನೂರು ಪೌಂಡಿಗೆ ಕಡಿಮೆ ಇಲ್ಲ. ಎದುರಿಗೆ ಮೆಟ್ಟಿಲುಗಳು.

1990ರ ದಶಕದ ನಡುವಿನ ವರ್ಷಗಳಲ್ಲಿ ಇಂಥ ದೃಶ್ಯ ಒಂದಲ್ಲ, ಹಲವು ಕ್ಲಬ್ಬುಗಳ ಹಿಂಬಾಗಿಲಲ್ಲಿ ನಡೆಯಿತು. ಆ ಮೂವರು ಬೆನ್ ಫೋಲ್ಡ್ಸ್, ರಾಬರ್ಟ್ ಸ್ಲೆಜ್ ಮತ್ತು ಡ್ಯಾರೆನ್ ಜೆಸ್ಸಿ. ಅವರ ಮೇಳದ ಹೆಸರು ‘ಬೆನ್ ಫೋಲ್ಡ್ಸ್ ಫೈವ್’. ಇದ್ದವರು ಮೂವರು, ಹೆಸರಿನಲ್ಲಿ ಮಾತ್ರ ಐವರು! ಉಳಿದಿಬ್ಬರು ಎಲ್ಲಿ ಎಂದು ಕೇಳುವುದು ವ್ಯರ್ಥ. ‘ಫೋಲ್ಡ್ಸ್’ ಎಂಬುದರ ಬೆನ್ನಿಗೆ ‘ಫೈವ್’ ಎಂಬ ಶಬ್ದ ಕಿವಿಗೆ ಹಿತವಾಗಿ ಬಿತ್ತು, ಅಷ್ಟೇ. ಪ್ರಾಸಕ್ಕಾಗಿ ಎರಡು ಆಳುಗಳನ್ನು ಹೆಚ್ಚಿಸಿಕೊಂಡವರು ಪಿಯಾನೋ ಹೊರುವ ಹೊತ್ತಿಗೆ ಆ ಇಬ್ಬರು ನಿಜವಾಗಿಯೂ ಇದ್ದಿದ್ದರೆ ಎಂದು ಎಷ್ಟು ಸಲ ಹಂಬಲಿಸಿದರೋ!

ಅವರು ಈ ಕಷ್ಟವನ್ನು ಏಕೆ ಮೈಮೇಲೆ ಎಳೆದುಕೊಂಡರು? ಆ ವೇಳೆಗೆ ಪಿಯಾನೋವಿನ ನಾದವನ್ನು ಹೊರಡಿಸುವ ವಿದ್ಯುತ್ ವಾದ್ಯಗಳು ಅಂಗಡಿಯಲ್ಲಿ ಧಾರಾಳವಾಗಿ ದೊರೆಯುತ್ತಿದ್ದವು. ಒಬ್ಬನೇ ಹೊತ್ತು ತರಬಹುದಾದ ಹಲಗೆಯಂಥ ವಾದ್ಯ. ತಂತಿ ಚುಚ್ಚಿದರಾಯಿತು, ನುಡಿಯುತ್ತದೆ. ಹೀಗಿದ್ದೂ ಕೈಯಲ್ಲಿ ಹಣವಿಲ್ಲದ, ಹೆಸರಿನ್ನೂ ಆಗದ ಮೂವರು ಹುಡುಗರು ಊರಿಂದೂರಿಗೆ ಮರದ ಪಿಯಾನೋವನ್ನೇ ಹೊತ್ತು ತಿರುಗಿದರೆಂದರೆ ಅದನ್ನು ಹುಚ್ಚೆಂದೇ ಕರೆಯಬೇಕಾಗುತ್ತದೆ. ಆದರೆ ಆ ಹುಚ್ಚಿನ ಹಿಂದೆ ಒಂದು ಹಳೆಯ ಅಳಲು ಇತ್ತು.

ಪರರ ವಾದ್ಯ

ಪಿಟೀಲಿನವನು ಪಿಟೀಲನ್ನು ಬಗಲಲ್ಲಿ ಹಿಡಿದು ನಡೆಯುತ್ತಾನೆ. ಹಾರ್ಮೋನಿಯಂ ವಾದಕ ತನ್ನ ಪೆಟ್ಟಿಗೆಯನ್ನು ರೈಲಿನಲ್ಲಿ ಕಾಲ ಬುಡದಲ್ಲಿಟ್ಟುಕೊಂಡು ಪ್ರಯಾಣ ಮಾಡುತ್ತಾನೆ. ವರ್ಷಗಟ್ಟಲೆ ಒಂದೇ ವಾದ್ಯದ ಮೇಲೆ ಬೆರಳಾಡಿಸಿ ಅದರ ಗುಣದೋಷಗಳೆಲ್ಲ ಅವನಿಗೆ ಮನೆಮಂದಿಯ ಸ್ವಭಾವದಷ್ಟೇ ಪರಿಚಿತವಾಗಿರುತ್ತವೆ. ಈ ಸೌಭಾಗ್ಯ ಪಿಯಾನೋ ವಾದಕನಿಗಿಲ್ಲ. ಅವನು ಹೋದಲ್ಲೆಲ್ಲ ಪರರ ವಾದ್ಯ. ಈ ದಿನ ಒಂದು ಮನೆಯ ಸೊಸೆ, ನಾಳೆ ಇನ್ನೊಂದು ಮನೆಯ ಸೊಸೆಯ ಹಾಗೆ ಅವನು ಪ್ರತಿ ರಾತ್ರಿಯೂ ಹೊಸಬನೊಡನೆ ಹೊಂದಿಕೊಳ್ಳಬೇಕು. ದೊಡ್ಡ ಸಭಾಮಂದಿರಗಳಲ್ಲಿ ಒಳ್ಳೆಯ ಪಿಯಾನೋ ಇರುತ್ತದೆ, ಅದನ್ನು ಶ್ರುತಿಗೊಳಿಸಲು ಪ್ರತ್ಯೇಕ ಕುಶಲಿಯೂ ಇರುತ್ತಾನೆ. ಸಣ್ಣ ಕ್ಲಬ್ಬುಗಳ ಸ್ಥಿತಿ ಬೇರೆ. ಇದ್ದರೆ ಮೂಲೆಯಲ್ಲಿ ಗೋಡೆಗೊರಗಿದ ಒಂದು ಹಳೆಯ ಪಿಯಾನೋ. ನಾಲ್ಕಾರು ಕೀಲಿಗಳು ಮೂಕ, ಮೇಲ್ಭಾಗದ ತುಂಬ ಬಿಯರ್ ಲೋಟಗಳು ಬಿಡಿಸಿದ ಉಂಗುರದ ಚಿತ್ರ. ಬಹಳ ಕಡೆ ಅದೂ ಇರುವುದಿಲ್ಲ.

ರಾಕ್ ಸಂಗೀತದ ಮೊದಲ ಹರೆಯದಲ್ಲಿ ಪಿಯಾನೋಗೆ ಹೀಗೆ ಅನಾದರವಿರಲಿಲ್ಲ. 1950ರ ದಶಕದಲ್ಲಿ ಈ ಸಂಗೀತಕ್ಕೆ ಜನ್ಮವಿತ್ತವರಲ್ಲಿ ಫ್ಯಾಟ್ಸ್ ಡೊಮಿನೊ, ಲಿಟಲ್ ರಿಚರ್ಡ್, ಜೆರ್ರಿ ಲೀ ಲೂಯಿಸ್ ಈ ಮೂವರೂ ಪಿಯಾನೋ ವಾದಕರೇ. ಲಿಟಲ್ ರಿಚರ್ಡ್ ನಿಂತುಕೊಂಡೇ ನುಡಿಸುತ್ತಿದ್ದ. ಲೂಯಿಸ್ ಆವೇಶ ಬಂದಾಗ ಕುಳಿತ ಪೀಠವನ್ನು ಕಾಲಿನಿಂದ ಹಿಂದಕ್ಕೊದ್ದು ನುಡಿಸಿದ. ಆದರೂ ಗೆದ್ದದ್ದು ಗಿಟಾರು. ಕಾರಣ ಸುಲಭ. ಗಿಟಾರನ್ನು ಕೊರಳಿಗೆ ತೂಗುಹಾಕಿಕೊಂಡವನು ರಂಗದ ತುಂಬ ಓಡಾಡಬಲ್ಲ, ಜನರ ಮುಖಕ್ಕೆ ಮುಖ ಕೊಟ್ಟು ನಿಲ್ಲಬಲ್ಲ. ವಿದ್ಯುತ್ತಿನ ನೆರವಿನಿಂದ ಎಷ್ಟು ಬೇಕಾದರೂ ಗದ್ದಲ ಎಬ್ಬಿಸಬಲ್ಲ. ಪಿಯಾನೋ ವಾದಕನೋ ಪ್ರೇಕ್ಷಕರಿಗೆ ಪಕ್ಕೆ ತೋರಿಸಿಕೊಂಡು ಕುಳಿತವನು. ಒಂದು ಮೇಜಿಗೆ ಕಟ್ಟಿಹಾಕಿದವನ ಪಾಡು ಅವನದು.

ಈ ಕಟ್ಟನ್ನು ಹರಿದವರು ಇಲ್ಲದಿಲ್ಲ. 1970ರ ಆಗಸ್ಟ್ 25ರಂದು ಲಾಸ್ ಏಂಜಲೀಸ್ ನಗರದ ‘ಟ್ರೂಬಡೂರ್’ ಎಂಬ ಕ್ಲಬ್ಬಿನಲ್ಲಿ, ಸುಮಾರು ಮುನ್ನೂರು ಜನ ಹಿಡಿಸುವ ಕೋಣೆಯಲ್ಲಿ, ಇಪ್ಪತ್ತಮೂರು ವರ್ಷದ ಒಬ್ಬ ಇಂಗ್ಲಿಷ್ ತರುಣ ಪಿಯಾನೋ ಮುಂದೆ ಕುಳಿತ. ಜೊತೆಗೆ ಬಾಸ್ ಗಿಟಾರಿಗೊಬ್ಬ, ಡ್ರಮ್ಮಿಗೊಬ್ಬ. ಮಾಮೂಲು ಗಿಟಾರು ಇಲ್ಲವೇ ಇಲ್ಲ. ಮೊದಮೊದಲು ಶಾಂತವಾಗಿ ನುಡಿಸುತ್ತಿದ್ದವನು ಆಮೇಲೆ ಪೀಠವನ್ನೊದ್ದು ಎದ್ದ. ಕೀಲಿಗಳ ಮೇಲೆ ಕೈಯೂರಿ ಕಾಲುಗಳನ್ನು ಗಾಳಿಗೆಸೆದ. ಆರು ರಾತ್ರಿಗಳ ಆ ಕಾರ್ಯಕ್ರಮ ಮುಗಿಯುವ ವೇಳೆಗೆ ಎಲ್ಟನ್ ಜಾನ್ ಎಂಬ ಅವನ ಹೆಸರು ಅಮೆರಿಕದಲ್ಲೆಲ್ಲ ಹಬ್ಬುವುದಕ್ಕೆ ಮೊದಲಾಯಿತು. ಎರಡೇ ವರ್ಷಗಳ ನಂತರ, 1972ರಲ್ಲಿ, ಅದೇ ನಗರದ ಒಂದು ಮದ್ಯದಂಗಡಿಯಲ್ಲಿ ‘ಬಿಲ್ ಮಾರ್ಟಿನ್’ ಎಂಬ ಸುಳ್ಳು ಹೆಸರಿನಲ್ಲಿ ಇನ್ನೊಬ್ಬ ತರುಣ ತಿಂಗಳುಗಟ್ಟಲೆ ಪಿಯಾನೋ ನುಡಿಸಿದ. ತನಗೆ ಒಗ್ಗದ ಒಂದು ಒಪ್ಪಂದದಿಂದ ಪಾರಾಗಲು ಅಜ್ಞಾತವಾಸದಲ್ಲಿದ್ದ ಆತನೇ ಬಿಲ್ಲಿ ಜೋಯಲ್. ಕುಡಿಯಲು ಬಂದು ತಮ್ಮ ದುಃಖ ಹೇಳಿಕೊಳ್ಳುತ್ತಿದ್ದ ಆ ಅಂಗಡಿಯ ಗಿರಾಕಿಗಳೇ ಮರುವರ್ಷ ಆತನ ‘ಪಿಯಾನೋ ಮ್ಯಾನ್’ ಗೀತೆಯೊಳಗೆ ಬಂದು ಕುಳಿತರು.

ಈ ಇಬ್ಬರ ಗೀತೆಗಳನ್ನೂ ರೇಡಿಯೋದಲ್ಲಿ ಕೇಳಿ, ಯಾರೂ ಕಲಿಸದೆ, ಕಿವಿಯಿಂದಲೇ ಹಿಡಿದು ನುಡಿಸುತ್ತಿದ್ದ ಹುಡುಗನೊಬ್ಬ ನಾರ್ತ್ ಕ್ಯಾರೊಲೈನಾ ಸಂಸ್ಥಾನದ ವಿನ್‌ಸ್ಟನ್-ಸೇಲಂ ಊರಿನಲ್ಲಿದ್ದ. ಅವನೇ ಬೆನ್ ಫೋಲ್ಡ್ಸ್.

ಬಡಗಿಯ ಮಗ

ಫೋಲ್ಡ್ಸ್ ಹುಟ್ಟಿದ್ದು 1966ರ ಸೆಪ್ಟೆಂಬರ್ 12ರಂದು. ತಂದೆ ಬಡಗಿ. ಕೆಲಸ ಮಾಡಿಸಿಕೊಂಡ ಗಿರಾಕಿಯೊಬ್ಬ ಕೊಡಲು ಹಣವಿಲ್ಲದೆ ಕೂಲಿಯ ಬದಲಿಗೆ ತನ್ನ ಪಿಯಾನೋವನ್ನೇ ಕೊಟ್ಟ. ಹುಡುಗನಿಗೆ ಆಗ ಒಂಬತ್ತು ವರ್ಷ. ಬರಬೇಕಾದ ಸಾಲ ಸರಿಯಾಗಿ ಸಂದಿದ್ದರೆ ಆ ಮನೆಗೆ ಪಿಯಾನೋ ಬರುತ್ತಲೇ ಇರಲಿಲ್ಲ!

ಆದರೂ ಫೋಲ್ಡ್ಸ್ ಮೊದಲು ಕಲಿಯಹೋದದ್ದು ಪಿಯಾನೋ ಅಲ್ಲ. ವಿದ್ಯಾರ್ಥಿವೇತನ ಪಡೆದು ಮಯಾಮಿ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು ತಾಳವಾದ್ಯಗಳ ಶಿಕ್ಷಣಕ್ಕೆ. ಅಲ್ಲಿಯ ಕಥೆಯನ್ನು ಆತನೇ ಹಲವು ಸಲ ಹೇಳಿಕೊಂಡಿದ್ದಾನೆ: ಪರೀಕ್ಷೆಯ ಹಿಂದಿನ ರಾತ್ರಿ ನಡೆದ ಹೊಡೆದಾಟದಲ್ಲಿ ಕೈ ಮುರಿಯಿತು, ಮುರಿದ ಕೈಯಲ್ಲೇ ಪರೀಕ್ಷಕರ ಮುಂದೆ ನುಡಿಸಿದ, ವಿದ್ಯಾರ್ಥಿವೇತನ ಕೈಬಿಟ್ಟಿತು, ಆ ಸಿಟ್ಟಿಗೆ ತನ್ನ ಡ್ರಮ್ಮುಗಳನ್ನು ಅಲ್ಲಿಯ ಕೆರೆಗೆಸೆದು ಊರು ಬಿಟ್ಟ. ಡ್ರಮ್ಮು ನೀರುಪಾಲಾದರೂ ಅದರ ಕೈ ಎಲ್ಲಿಗೆ ಹೋದೀತು? ಮುಂದೆ ಪಿಯಾನೋ ಕೀಲಿಗಳ ಮೇಲೆ ಎರಡೂ ಅಂಗೈಗಳಿಂದ ಬಡಿಯುತ್ತ ಆತ ನುಡಿಸಿದ್ದನ್ನು ಕೇಳಿದವರಿಗೆ ಇದು ಬೆರಳಿನ ವಿದ್ಯೆಯಷ್ಟೇ ಕೋಲಿನ ವಿದ್ಯೆಯೂ ಹೌದೆಂಬುದು ಹೊಳೆಯದೆ ಇರದು.

ನ್ಯಾಷ್‌ವಿಲ್ ಮತ್ತು ನ್ಯೂಯಾರ್ಕ್ ನಗರಗಳಲ್ಲಿ ಅಲೆದು ಕೆಲವು ವರ್ಷ ಕಳೆದ ಮೇಲೆ ಫೋಲ್ಡ್ಸ್ ತನ್ನ ಸಂಸ್ಥಾನಕ್ಕೆ ಹಿಂತಿರುಗಿ ಚಾಪೆಲ್ ಹಿಲ್ ಊರಿನಲ್ಲಿ ನೆಲೆಸಿದ. ಸ್ಲೆಜ್ ಮತ್ತು ಜೆಸ್ಸಿ ಅಲ್ಲಿ ದೊರೆತರು; 1993ರಲ್ಲಿ ಮೇಳ ಹುಟ್ಟಿತು.

ಆ ಊರಿನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಚಾಪೆಲ್ ಹಿಲ್ ವಿದ್ಯೆಯ ಊರು. 1789ರಲ್ಲಿ ಸ್ಥಾಪನೆಯಾದ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾನಿಲಯ ಅಲ್ಲಿದೆ. ವಿದ್ಯಾರ್ಥಿಗಳಿರುವ ಕಡೆ ಸಂಗೀತ. ಸಂಗೀತವಿರುವ ಕಡೆ ಗದ್ದಲ. 1990ರ ದಶಕದ ಆರಂಭದಲ್ಲಿ ‘ಸೂಪರ್‌ಚಂಕ್’, ‘ಆರ್ಚರ್ಸ್ ಆಫ್ ಲೋಫ್’, ‘ಪೋಲ್ವೊ’ ಮೊದಲಾದ ಮೇಳಗಳು ಅಲ್ಲಿ ಹೆಸರಾಗಿದ್ದವು. ದೊಡ್ಡ ಕಂಪನಿಗಳ ಹಂಗಿಲ್ಲದೆ ತಮ್ಮ ಧ್ವನಿಮುದ್ರಿಕೆಗಳನ್ನು ತಾವೇ ಹೊರತರಬೇಕೆಂದು ಸೂಪರ್‌ಚಂಕ್ ಮೇಳದ ಇಬ್ಬರು 1989ರಲ್ಲಿ ‘ಮರ್ಜ್’ ಎಂಬ ಸಂಸ್ಥೆಯನ್ನು ಕಟ್ಟಿದ್ದರು. ಪಶ್ಚಿಮ ತೀರದ ಸಿಯಾಟಲ್ ನಗರದ ಮೇಳಗಳು ಆಗತಾನೆ ಜಗತ್ತನ್ನು ಗೆದ್ದಿದ್ದವು. ಮುಂದಿನ ಸಿಯಾಟಲ್ ಇದೇ ಎಂದು ಪತ್ರಿಕೆಗಳು ಚಾಪೆಲ್ ಹಿಲ್ ಕಡೆ ಬೆರಳು ತೋರಿಸುತ್ತಿದ್ದವು. ಆದರೆ ಈ ಮೇಳಗಳೆಲ್ಲ ಗಿಟಾರಿನ ಮೇಳಗಳು. ಒಂದಲ್ಲ, ಎರಡೆರಡು ಗಿಟಾರು. ಕಿವಿ ಗುಂಯ್‌ಗುಡುವ ಧ್ವನಿವರ್ಧಕಗಳು. ಮನೆಯ ಹಜಾರದಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಿಸುವ ಪಿಯಾನೋವನ್ನು ಇಂಥ ಊರಿನ ರಂಗಕ್ಕೆ ತರುವುದೆಂದರೆ ಗರಡಿಮನೆಗೆ ತಂಬೂರಿ ಹಿಡಿದು ಹೋದಂತೆ.

ಈ ಮೇಳಗಳಿಗೆಲ್ಲ ಆಶ್ರಯವಾಗಿದ್ದದ್ದು ‘ಕ್ಯಾಟ್ಸ್ ಕ್ರೇಡಲ್’ ಎಂಬ ಕ್ಲಬ್ಬು. ಬೆಕ್ಕಿನ ತೊಟ್ಟಿಲು ಎಂದು ಅದರ ಅರ್ಥ. ಮಕ್ಕಳು ಬೆರಳುಗಳಿಗೆ ದಾರ ಸುತ್ತಿ ಚಿತ್ರ ಬಿಡಿಸುವ ಆಟಕ್ಕೆ ಇಂಗ್ಲಿಷಿನಲ್ಲಿ ಆ ಹೆಸರಿದೆ. 1969ರಲ್ಲಿ ಚಾಪೆಲ್ ಹಿಲ್‌ನಲ್ಲಿ ಪ್ರಾರಂಭವಾದ ಈ ಕ್ಲಬ್ಬು ಹಲವು ಕಟ್ಟಡಗಳನ್ನು ಬದಲಿಸಿ 1993ರಲ್ಲಿ ನೆರೆಯ ಕಾರ್‌ಬರೋ ಊರಿಗೆ ಬಂದಿತು. ಏಳುನೂರೈವತ್ತು ಮಂದಿ ನಿಂತು ಕೇಳಬಹುದಾದ ಸ್ಥಳ. ಕುರ್ಚಿಗಳ ಸಾಲಿಲ್ಲ, ಜರತಾರಿ ಪರದೆಯಿಲ್ಲ. ಮುಂದಿನ ಸಾಲಿನವನು ಕೈಚಾಚಿದರೆ ವಾದಕನ ಪಾದ ಸಿಗುವಷ್ಟು ತಗ್ಗಿನ ರಂಗ. ಬೆನ್ ಫೋಲ್ಡ್ಸ್ ಫೈವ್ ಬೆಳೆದದ್ದು ಇಂಥ ಕ್ಲಬ್ಬುಗಳಲ್ಲಿ.

ಮರ, ತಂತಿ, ಕಬ್ಬಿಣ

ಪಿಯಾನೋವಿನ ಭಾರವೆಲ್ಲ ಎಲ್ಲಿಂದ ಬಂತೆಂದು ಕೆಲವು ವಾಚಕರಾದರೂ ಯೋಚಿಸಿರಬಹುದು. ಇಟಲಿಯ ಬಾರ್ಟೊಲೊಮಿಯೊ ಕ್ರಿಸ್ಟೊಫೊರಿ ಸುಮಾರು 1700ರಲ್ಲಿ ಮೊದಲ ಪಿಯಾನೋ ಮಾಡಿದಾಗ ಅದು ಮರದ ಚೌಕಟ್ಟಿನ ಹಗುರವಾದ ವಾದ್ಯವಾಗಿತ್ತು. ಬೆರಳು ಮೆಲ್ಲಗೆ ಒತ್ತಿದರೆ ಮೆಲುದನಿ, ಬಲವಾಗಿ ಒತ್ತಿದರೆ ದೊಡ್ಡ ದನಿ. ಈ ಗುಣದಿಂದಲೇ ಅದಕ್ಕೆ ಹೆಸರು ಬಂದದ್ದು. ಸಭೆಗಳು ದೊಡ್ಡವಾದಂತೆ ನಾದವೂ ದೊಡ್ಡದಾಗಬೇಕಾಯಿತು. ತಂತಿಗಳನ್ನು ದಪ್ಪಗೊಳಿಸಿ ಬಿಗಿಗೊಳಿಸಿದರು. ಮರ ಆ ಬಿಗಿತವನ್ನು ತಾಳದೆ ಬಾಗಿತು. 1825ರಲ್ಲಿ ಬಾಸ್ಟನ್ನಿನ ಆಲ್ಫಿಯಸ್ ಬ್ಯಾಬ್‌ಕಾಕ್ ಎಂಬ ಕುಶಲಿ ಒಂದೇ ಎರಕದ ಕಬ್ಬಿಣದ ಚೌಕಟ್ಟಿಗೆ ಹಕ್ಕುಪತ್ರ ಪಡೆದ. ಅಲ್ಲಿಂದ ಪಿಯಾನೋ ಕಬ್ಬಿಣದ ವಾದ್ಯವಾಯಿತು. ಈಗಿನ ದೊಡ್ಡ ಪಿಯಾನೋದಲ್ಲಿ 88 ಕೀಲಿಗಳು, ಸುಮಾರು 230 ತಂತಿಗಳು. ಆ ತಂತಿಗಳೆಲ್ಲ ಒಟ್ಟಾಗಿ ಎಳೆಯುವ ಬಲ ಹದಿನೆಂಟು-ಇಪ್ಪತ್ತು ಟನ್ನುಗಳಷ್ಟು! ಹೀಗೆ ಎಳೆದು ಕಟ್ಟಿದ ಬಿಲ್ಲಿನಂಥ ವಾದ್ಯವನ್ನು ವಾಹನದಲ್ಲಿ ಹೇರಿ, ಚಳಿಯಿಂದ ಸೆಕೆಗೆ, ಸೆಕೆಯಿಂದ ಚಳಿಗೆ ಒಯ್ದರೆ ಶ್ರುತಿ ನಿಲ್ಲುವುದೆಲ್ಲಿ ಬಂತು?

ಹೊತ್ತು ತಂದ ಮಾತ್ರಕ್ಕೆ ಕಷ್ಟ ಮುಗಿಯುವುದಿಲ್ಲ. ಒಂದೇ ರಾತ್ರಿ ಮೂರು ಮೇಳಗಳು ನುಡಿಸುವುದು ಇಂಥ ಕ್ಲಬ್ಬುಗಳ ಪದ್ಧತಿ. ಒಂದು ಮೇಳ ಇಳಿದು ಇನ್ನೊಂದು ಏರುವುದಕ್ಕೆ ಇರುವ ಅವಕಾಶ ಹದಿನೈದು-ಇಪ್ಪತ್ತು ನಿಮಿಷ. ಅಷ್ಟರಲ್ಲಿ ಪಿಯಾನೋಗೆ ಕಾಲು ಜೋಡಿಸಿ ನಿಲ್ಲಿಸುವುದೆಂತು? ಮೊದಲೇ ನಿಲ್ಲಿಸಿದರೆ ಇತರರಿಗೆ ರಂಗದಲ್ಲಿ ಜಾಗವಿಲ್ಲ. ಆಮೇಲೆ ಧ್ವನಿಗ್ರಾಹಕದ ಸಮಸ್ಯೆ. ಪಿಯಾನೋವಿನ ನಾದಫಲಕ ತನ್ನ ತಂತಿಯ ಕಂಪನವನ್ನಷ್ಟೇ ಅಲ್ಲ, ಎರಡು ಮಾರು ದೂರದಲ್ಲಿರುವ ಡ್ರಮ್ಮಿನ ಏಟನ್ನೂ ಬಾಸಿನ ಗುಡುಗನ್ನೂ ಹಿಡಿದುಕೊಳ್ಳುತ್ತದೆ. ಮುಚ್ಚಳದೊಳಗಿನ ಧ್ವನಿಗ್ರಾಹಕ ಅದನ್ನೆಲ್ಲ ಧ್ವನಿವರ್ಧಕಕ್ಕೆ ಒಪ್ಪಿಸುತ್ತದೆ, ಧ್ವನಿವರ್ಧಕದ ಸದ್ದು ಮತ್ತೆ ನಾದಫಲಕಕ್ಕೆ ಬಡಿಯುತ್ತದೆ. ಕೊನೆಗೆ ಹೊರಡುವುದು ಸಂಗೀತವಲ್ಲ, ಕಿವಿ ಸೀಳುವ ಸಿಳ್ಳು. ಮದುವೆಮನೆಯಲ್ಲಿ ಮೈಕಿನ ಊಳು ಕೇಳಿದವರಿಗೆ ಇದರ ವಿವರಣೆ ಬೇಕಿಲ್ಲ.

ಇಷ್ಟೆಲ್ಲ ಪಾಡುಪಟ್ಟು ಪಡೆದ ನಾದ ಹೇಗಿತ್ತು? ಈ ಮೇಳದ ಹೊಸತನವೆಲ್ಲ ಇರುವುದು ಇಲ್ಲಿಯೇ. ಗಿಟಾರು ಇಲ್ಲದೆ ಮಧ್ಯದಲ್ಲಿ ಬಿಟ್ಟುಹೋದ ಅಂತರವನ್ನು ತುಂಬಲು ಸ್ಲೆಜ್ ತನ್ನ ಬಾಸ್ ಗಿಟಾರಿನ ನಾದವನ್ನು ಉಪಕರಣಗಳ ಮೂಲಕ ಒಡೆದು, ಗೊಗ್ಗರಾಗಿಸಿ, ಗರಗಸದಂತೆ ಕೊರೆಯುವ ಹಾಗೆ ಮಾಡಿದ. ಜೆಸ್ಸಿ ಡ್ರಮ್ಮು ನುಡಿಸುತ್ತಲೇ ಹಾಡಿದ. ಮೂವರ ಕಂಠಗಳೂ ಸೇರಿ ಎತ್ತರದ ಸ್ಥಾಯಿಯಲ್ಲಿ ಹಳೆಯ ಚರ್ಚುಗಾಯನದಂತೆ ಹೊಂದಿಕೊಂಡು ಹೋಗುತ್ತಿದ್ದವು. ನಡುವೆ ಪಿಯಾನೋ, ಒಂದು ಗಳಿಗೆ ನಾಜೂಕಿನ ಓಟ, ಮರುಗಳಿಗೆ ಮೊಣಕೈಯ ಹೊಡೆತ. ಕಾರ್ಯಕ್ರಮದ ಕೊನೆಗೆ ಫೋಲ್ಡ್ಸ್ ತಾನು ಕುಳಿತ ಪೀಠವನ್ನೇ ಎತ್ತಿ ಕೀಲಿಗಳ ಮೇಲೆ ಎಸೆಯುತ್ತಿದ್ದ. ಈ ವರ್ತನೆ ಸಂಪ್ರದಾಯಸ್ಥರಿಗೆ ಹೇಸಿಗೆ ತಂದರೆ ಆಶ್ಚರ್ಯವಿಲ್ಲ. ವಾದ್ಯವನ್ನು ಪೂಜಿಸುವ ನಾಡಿನವರಿಗಂತೂ ಇದು ಸಹಿಸಲಾಗದ ಅಪಚಾರ. ಆದರೆ ಒಂದು ಮಾತು ನೆನಪಿಡಬೇಕು. ಆ ರಾತ್ರಿ ಆ ಪಿಯಾನೋ ಮುರಿದರೆ ಬೇರೊಬ್ಬರ ಆಸ್ತಿ ಮುರಿಯುತ್ತಿರಲಿಲ್ಲ. ತಾವೇ ಹೊತ್ತು ತಂದದ್ದು, ನಾಳೆ ತಾವೇ ಹೊತ್ತೊಯ್ಯಬೇಕಾದದ್ದು. ಕ್ಲಬ್ಬಿನ ಪಿಯಾನೋ ನುಡಿಸುವವನಿಗೆ ಈ ಸ್ವಾತಂತ್ರ್ಯವೆಲ್ಲಿಯದು?

ಮನೆಯಲ್ಲೇ ಮುದ್ರಣ

1995ರಲ್ಲಿ ಮೇಳದ ಹೆಸರನ್ನೇ ಹೊತ್ತ ಮೊದಲ ಧ್ವನಿಮುದ್ರಿಕೆ ಒಂದು ಸಣ್ಣ ಸಂಸ್ಥೆಯಿಂದ ಹೊರಬಂತು. ಅದರಲ್ಲಿಯ ‘ಅಂಡರ್‌ಗ್ರೌಂಡ್’ ಎಂಬ ಗೀತೆ ತಮ್ಮದೇ ಬಳಗವನ್ನು, ಅಂದರೆ ದೊಡ್ಡವರ ಹಂಗು ಬೇಡವೆಂದು ಹೇಳುತ್ತಲೇ ಒಂದೇ ಬಗೆಯ ಉಡುಪು ತೊಟ್ಟು ಒಂದೇ ಬಗೆಯ ಮಾತಾಡುವ ಕ್ಲಬ್ಬಿನ ತರುಣರನ್ನು, ನಗೆಯಾಡಿತು. ಸ್ವತಂತ್ರರೆನಿಸಿಕೊಂಡವರ ಸಮವಸ್ತ್ರವನ್ನು ಕಂಡು ನಗುವ ಧೈರ್ಯ ಆ ಗುಂಪಿನೊಳಗೇ ಇದ್ದವನಿಗಲ್ಲದೆ ಬೇರೆಯವರಿಗೆ ಬಾರದು.

ಆಮೇಲೆ ದೊಡ್ಡ ಕಂಪನಿಯೊಂದು ಬಾಗಿಲು ತಟ್ಟಿತು. ಎರಡನೆಯ ಧ್ವನಿಮುದ್ರಿಕೆ ‘ವಾಟೆವರ್ ಅಂಡ್ ಎವರ್ ಆಮೆನ್’ 1997ರಲ್ಲಿ ಪ್ರಕಟವಾದದ್ದು ಆ ಕಂಪನಿಯ ಆಶ್ರಯದಲ್ಲಿ. ಆದರೆ ಅದನ್ನು ಮುದ್ರಿಸಿದ್ದು ನಗರದ ಭಾರಿ ಮುದ್ರಣಶಾಲೆಯಲ್ಲಲ್ಲ. ಚಾಪೆಲ್ ಹಿಲ್‌ನಲ್ಲಿ ಫೋಲ್ಡ್ಸ್ ವಾಸವಾಗಿದ್ದ ಮನೆಯಲ್ಲಿ. ಒಂದು ಹಾಡಿನ ನಡುವೆ ಮನೆಯ ಟೆಲಿಫೋನು ಟ್ರಿಣ್‌ಗುಟ್ಟಿತು. ಅದನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡರು, ಈಗಲೂ ಕೇಳಿಸುತ್ತದೆ.

ಜನಮನವನ್ನು ಸೂರೆಗೊಂಡದ್ದು ಅದರಲ್ಲಿಯ ‘ಬ್ರಿಕ್’ ಎಂಬ ಗೀತೆ. ಗದ್ದಲದ ಮೇಳದ ಅತಿ ಮೆಲ್ಲನೆಯ ಹಾಡು. ಸ್ಲೆಜ್ ಆಳೆತ್ತರದ ಬಾಸ್ ವಾದ್ಯವನ್ನು ಕಮಾನಿನಿಂದ ನುಡಿಸಿದ. ಕ್ರಿಸ್‌ಮಸ್ಸಿನ ಮರುದಿನ ಬೆಳಗ್ಗೆ ಹುಡುಗನೊಬ್ಬ ಹುಡುಗಿಯೊಬ್ಬಳನ್ನು ಎಲ್ಲಿಗೋ ಕರೆದೊಯ್ಯುತ್ತಾನೆ, ಇಬ್ಬರೂ ಮಾತಾಡುವುದಿಲ್ಲ. ಪ್ರೇಮಗೀತೆಯೆಂದು ತಿಳಿದು ಕೇಳಿದವರು ಎಷ್ಟೋ ಮಂದಿ. ಹೈಸ್ಕೂಲಿನ ದಿನಗಳಲ್ಲಿ ತಾನೂ ತನ್ನ ಗೆಳತಿಯೂ ಗರ್ಭಪಾತವೊಂದರ ನೋವನ್ನು ಉಂಡ ನೆನಪು ಅದೆಂದು ಫೋಲ್ಡ್ಸ್ ಹೇಳಿದ್ದು ಆಮೇಲೆ. ಯಾರ ಪಕ್ಷವನ್ನೂ ವಹಿಸದೆ, ಯಾರನ್ನೂ ದೂರದೆ, ಇಬ್ಬರು ಎಳೆಯರ ಒಂಟಿತನವನ್ನಷ್ಟೇ ಆ ಗೀತೆ ಹೇಳುತ್ತದೆ. ಪೀಠ ಎಸೆಯುವ ಕೈಯೇ ಇದನ್ನೂ ನುಡಿಸಿತೆಂಬುದು ಸ್ವಾರಸ್ಯ.

ಕೀರ್ತಿ ಬಂದ ಮೇಲೆ ಪಿಯಾನೋ ಹೊರಲು ಬೇರೆಯವರು ಬಂದರು. ಊರೂರಿಗೆ ಬಾಡಿಗೆಯ ಒಳ್ಳೆಯ ಪಿಯಾನೋ ದೊರೆಯಿತು. ಸಣ್ಣ ಕ್ಲಬ್ಬಿನ ಬದಲು ದೊಡ್ಡ ಸಭಾಂಗಣಗಳು. ಮೂರನೆಯ ಧ್ವನಿಮುದ್ರಿಕೆ 1999ರಲ್ಲಿ ಬಂತು, ಹಿಂದಿನದರಷ್ಟು ಮಾರಾಟವಾಗಲಿಲ್ಲ. 2000ದಲ್ಲಿ ಮೂವರೂ ಬೇರೆಯಾದರು. ಭಾರ ಹೊರುವ ದಿನಗಳಲ್ಲಿ ಒಟ್ಟಿಗಿದ್ದವರು ಭಾರ ಇಳಿದ ಮೇಲೆ ಅಗಲಿದ್ದು ಸಂಗೀತಗಾರರ ಬಾಳಿನಲ್ಲಿ ಹೊಸದೇನೂ ಅಲ್ಲ. 2008ರಲ್ಲಿ ತಮ್ಮ ಊರಿನ ವಿಶ್ವವಿದ್ಯಾನಿಲಯದ ಸಭಾಂಗಣದಲ್ಲಿ ಒಂದು ರಾತ್ರಿ ಕೂಡಿ ನುಡಿಸಿದರು. 2012ರಲ್ಲಿ ಅಭಿಮಾನಿಗಳೇ ಮುಂಗಡ ಕೊಟ್ಟ ಹಣದಿಂದ ಇನ್ನೊಂದು ಧ್ವನಿಮುದ್ರಿಕೆ ಹೊರತಂದರು.

ಕೇಳುಗರಿಂದ ನೇರವಾಗಿ ಹಣ ಪಡೆಯುವ ಈ ಮಾರ್ಗದಲ್ಲಿ ಅದೇ ವರ್ಷ ಇನ್ನೊಬ್ಬ ಪಿಯಾನೋ ವಾದಕಿ ಎಲ್ಲರನ್ನೂ ಬೆರಗುಗೊಳಿಸಿದಳು. ಬಾಸ್ಟನ್ನಿನ ಅಮಾಂಡಾ ಪಾಮರ್ 2000ದಲ್ಲಿ ಬ್ರಯಾನ್ ವಿಲ್ಯೋನಿ ಎಂಬ ಡ್ರಮ್ ವಾದಕನೊಡನೆ ‘ಡ್ರೆಸ್ಡನ್ ಡಾಲ್ಸ್’ ಎಂಬ ಮೇಳ ಕಟ್ಟಿದ್ದಳು. ಮೇಳವೆಂದರೆ ಇಬ್ಬರೇ: ಒಂದು ಪಿಯಾನೋ, ಒಂದು ಡ್ರಮ್ಮು. ನಾಟಕದವರಂತೆ ಮುಖಕ್ಕೆ ಬಿಳಿಯ ಬಣ್ಣ ಬಳಿದುಕೊಂಡು, ಬರ್ಲಿನ್ನಿನ ಹಳೆಯ ವಿನೋದಮಂದಿರಗಳ ಧಾಟಿಯಲ್ಲಿ ರಾಕ್ ನುಡಿಸುತ್ತಿದ್ದರು. ಪಾಮರಳದು ವಿದ್ಯುತ್ ಪಿಯಾನೋ. ಮರದ ಪಿಯಾನೋ ಹೊರುವ ಹಟ ಆಕೆಗಿರಲಿಲ್ಲ. ತನ್ನನ್ನು ಹಿಡಿದಿದ್ದ ಧ್ವನಿಮುದ್ರಣ ಸಂಸ್ಥೆಯಿಂದ 2010ರಲ್ಲಿ ಬಿಡುಗಡೆ ಹೊಂದಿದ ಆಕೆ, 2012ರಲ್ಲಿ ತನ್ನ ಹೊಸ ಧ್ವನಿಮುದ್ರಿಕೆಗಾಗಿ ಕೇಳುಗರ ಮುಂದೆ ಜೋಳಿಗೆ ಹಿಡಿದಳು. ಕೇಳಿದ್ದು ಒಂದು ಲಕ್ಷ ಡಾಲರು. ಇಪ್ಪತ್ತನಾಲ್ಕು ಸಾವಿರಕ್ಕೂ ಹೆಚ್ಚು ಜನ ಸೇರಿ ಕೊಟ್ಟದ್ದು ಸುಮಾರು ಹನ್ನೆರಡು ಲಕ್ಷ ಡಾಲರು! ಸಣ್ಣ ಕ್ಲಬ್ಬುಗಳಲ್ಲಿ ಒಬ್ಬೊಬ್ಬರನ್ನಾಗಿ ಸಂಪಾದಿಸಿದ ಸ್ನೇಹದ ಬೆಲೆ ಅದು.

ಮುಚ್ಚಿದ ಬಾಗಿಲು

2020ರ ಮಾರ್ಚಿನಲ್ಲಿ ಕೋವಿಡ್ ಪಿಡುಗು ಹಬ್ಬಿದಾಗ ಮೊದಲು ಮುಚ್ಚಿದ ಬಾಗಿಲುಗಳಲ್ಲಿ ಇಂಥ ಕ್ಲಬ್ಬುಗಳವೂ ಸೇರಿದ್ದವು. ಜನ ಒತ್ತಾಗಿ ನಿಂತು ಉಸಿರಿಗೆ ಉಸಿರು ತಾಗುವುದೇ ಇಲ್ಲಿಯ ಸುಖವಲ್ಲವೆ? ಅದೇ ಅಪಾಯವೆನಿಸಿತು. ಕ್ಯಾಟ್ಸ್ ಕ್ರೇಡಲ್‌ನ ರಂಗವೂ ಕತ್ತಲಾಯಿತು. ನಾರ್ತ್ ಕ್ಯಾರೊಲೈನಾದ ಸಂಗೀತಗಾರರು ಬೇರೆಯವರ ಗೀತೆಗಳನ್ನು ಹಾಡಿ ಒಂದು ಸಂಕಲನ ಹೊರತಂದು ಅದರ ಹಣವನ್ನು ಕ್ಲಬ್ಬಿನ ನೆರವಿಗೆ ಕೊಟ್ಟರು. ದೇಶದ ಸಣ್ಣ ಕ್ಲಬ್ಬುಗಳ ಒಡೆಯರೆಲ್ಲ ಸಂಘ ಕಟ್ಟಿಕೊಂಡು ಸರ್ಕಾರದ ಮೊರೆಹೊಕ್ಕರು. ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಶಾಸನಸಭೆ ಇಂಥ ರಂಗಮಂದಿರಗಳ ಉಳಿವಿಗೆಂದು 1,500 ಕೋಟಿ ಡಾಲರುಗಳನ್ನು ತೆಗೆದಿರಿಸಿತು. ಹಣ ಕೈಗೆ ಬರಲು ಮತ್ತೆ ತಿಂಗಳುಗಳು ಹಿಡಿದವು. ಅಷ್ಟರೊಳಗೆ ಬೀಗ ಜಡಿದವೂ ಉಂಟು.

ಬಾಗಿಲು ತೆರೆದ ಮೇಲೂ ಇಲ್ಲಿಗೆ ಬರುವ ಹೊಸ ತರುಣರ ಬಗಲಲ್ಲಿರುವುದು ಇಪ್ಪತ್ತು ಕಿಲೋ ತೂಕದ ವಿದ್ಯುತ್ ಪಿಯಾನೋ. ಅದರ ಹೊಟ್ಟೆಯಲ್ಲಿ ಯಾವುದೋ ಒಂದು ಶ್ರೇಷ್ಠ ಪಿಯಾನೋವಿನ ಪ್ರತಿಯೊಂದು ಸ್ವರವೂ ಮುದ್ರಿತವಾಗಿರುತ್ತದೆ. ಶ್ರುತಿ ಎಂದೂ ಕೆಡುವುದಿಲ್ಲ, ಸಿಳ್ಳು ಹೊರಡುವುದಿಲ್ಲ. ಅವರನ್ನು ಯಾರೂ ದೂರಲಾರರು; ಬೆನ್ನುನೋವು ಕಲೆಯ ಲಕ್ಷಣವಲ್ಲ. ಆದರೆ ಆ ವಾದ್ಯಕ್ಕೆ ಮುಚ್ಚಳವಿಲ್ಲ, ಒಳಗೆ ಕೈಹಾಕಿ ಮೀಟಲು ತಂತಿಗಳಿಲ್ಲ. ಪೀಠ ಎಸೆದರೆ ನಾದ ಹೊರಡುವುದಿಲ್ಲ, ದುರಸ್ತಿಯ ಖರ್ಚು ಮಾತ್ರ ಬರುತ್ತದೆ.

ಫೋಲ್ಡ್ಸ್ ಈಗ ಅರವತ್ತರ ಆಸುಪಾಸಿನಲ್ಲಿದ್ದಾನೆ. ಭಾರಿ ವಾದ್ಯವೃಂದಗಳೊಡನೆ ನುಡಿಸಿದ್ದಾಯಿತು. 2017ರಲ್ಲಿ ರಾಜಧಾನಿ ವಾಷಿಂಗ್ಟನ್ನಿನ ರಾಷ್ಟ್ರೀಯ ವಾದ್ಯವೃಂದದ ಕಲಾ ಸಲಹೆಗಾರನ ಪದವಿಯೂ ದೊರೆಯಿತು. 2025ರ ಫೆಬ್ರವರಿಯಲ್ಲಿ ಆ ವಾದ್ಯವೃಂದದ ನೆಲೆಯಾದ ಕೆನಡಿ ಕೇಂದ್ರದ ಆಡಳಿತವನ್ನು ರಾಷ್ಟ್ರಾಧ್ಯಕ್ಷರು ತಮ್ಮ ಕೈಗೆ ತೆಗೆದುಕೊಂಡಾಗ ಆತ ಆ ಪದವಿಯನ್ನು ಬಿಟ್ಟ.

ಮೇಳ ಒಡೆದ ಮೇಲೆ ಆತ ಒಬ್ಬನೇ ಒಂದು ಪಿಯಾನೋ ಮುಂದೆ ಕುಳಿತು ನುಡಿಸುವ ಪದ್ಧತಿ ಇಟ್ಟುಕೊಂಡ. ಬಾಸಿಲ್ಲ, ಡ್ರಮ್ಮಿಲ್ಲ, ಬಿಟ್ಟುಹೋದ ಭಾಗಗಳನ್ನು ಯಾರು ತುಂಬಬೇಕು? ಕೇಳಲು ಬಂದವರೇ. ಸಭಿಕರನ್ನು ಬಲಗಡೆಯವರು, ಎಡಗಡೆಯವರು, ನಡುವಿನವರು ಎಂದು ವಿಂಗಡಿಸಿ ಒಂದೊಂದು ಗುಂಪಿಗೆ ಒಂದೊಂದು ಸ್ವರ ಹೇಳಿಕೊಟ್ಟು, ಪಿಯಾನೋ ಬಿಟ್ಟೆದ್ದು ಕೈಬೀಸುತ್ತ ಹಾಡಿಸುತ್ತಾನೆ. ಕಹಳೆಗಳು ನುಡಿಯಬೇಕಾದ ಕಡೆ ಜನ ಬಾಯಿಂದಲೇ ಕಹಳೆಯೂದುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಆಟ ಸೇರಿಕೊಂಡಿತು. ತಮಗೆ ಬೇಕಾದ ಹಾಡಿನ ಹೆಸರನ್ನು ಸಭಿಕರು ಕಾಗದದ ಮೇಲೆ ಬರೆದು, ವಿಮಾನದ ಹಾಗೆ ಮಡಿಚಿ, ವಿರಾಮ ಮುಗಿದೊಡನೆ ಎಲ್ಲರೂ ಒಟ್ಟಿಗೆ ರಂಗದತ್ತ ಹಾರಿಸುತ್ತಾರೆ. ನೂರಾರು ಕಾಗದದ ವಿಮಾನಗಳು ಬೆಳಕಿನಲ್ಲಿ ತೇಲಿ ಬಂದು ಕೀಲಿಗಳ ಮೇಲೆ, ತೆರೆದ ಮುಚ್ಚಳದ ಮೇಲೆ, ತಂತಿಗಳ ನಡುವೆ ಬಂದಿಳಿಯುತ್ತವೆ. ಆತ ಬಗ್ಗಿ ಕೈಗೆ ಸಿಕ್ಕ ಒಂದನ್ನು ಎತ್ತಿಕೊಂಡು, ಬಿಡಿಸಿ, ಓದಿ, ನುಡಿಸಲು ಕುಳಿತುಕೊಳ್ಳುತ್ತಾನೆ.